ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಡಬ್ಬಿಯ ಪ್ರೋಟೀನ್, ಹೊಲದ ಪ್ರೋಟೀನ್

ಸಸ್ಯಮೂಲದ ಪ್ರೋಟೀನ್ ಮಾರುಕಟ್ಟೆ ದೇಶದಲ್ಲಿ ಬೆಳೆಯುತ್ತಿರುವ ಬಗ್ಗೆ ಪ್ರಶ್ನೆಗಳಿದ್ದರೆ ಕಳುಹಿಸಿ ಎಂದು ಹಿಂದಿನ ಸಂಚಿಕೆಯಲ್ಲಿ ಕೇಳಿದ್ದೆವು. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಿಂದಲೇ ಹೆಚ್ಚು ಪತ್ರಗಳು ಬಂದಿವೆ. ಕಡಲೆ, ಹೆಸರು, ಸೋಯಾ, ಶೇಂಗಾ ಬೆಳೆಯುವವರು ಇಲ್ಲಿಯವರೇ ಆದ್ದರಿಂದ ಅದು ಸಹಜ. ಆಯ್ದ ಏಳಕ್ಕೆ ಇಲ್ಲಿ ಉತ್ತರವಿದೆ.

ಜಿಮ್‌ಗೆ ಹೋಗುತ್ತೇನೆ, ತೂಕ 65 ಕಿಲೋ. ಮನೆಯಲ್ಲಿ ಮೊಟ್ಟೆ, ಮಾಂಸ ತಿನ್ನುವುದಿಲ್ಲ. ಬಟಾಣಿ ಪ್ರೋಟೀನ್ ಪುಡಿ ತಗೊಳ್ಳಲೇಬೇಕು ಎನ್ನುತ್ತಾರೆ. ಯಾವುದು ಒಳ್ಳೆಯದು?
*ವಿದ್ಯಾರ್ಥಿ, ವಿದ್ಯಾನಗರ, ಹುಬ್ಬಳ್ಳಿ*

ಮೊದಲು ಲೆಕ್ಕ ನೋಡೋಣ. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನಂತೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. ನಿಮ್ಮ ತೂಕಕ್ಕೆ ಅದು 54 ಗ್ರಾಂ. ಭಾರ ಎತ್ತುವ ವ್ಯಾಯಾಮ ಮಾಡುವವರಿಗೆ 1.2ರಿಂದ 1.6 ಗ್ರಾಂ, ಅಂದರೆ ನಿಮಗೆ 78ರಿಂದ 104 ಗ್ರಾಂ.

ಈಗ ಊಟ. ಮೂರು ಜೋಳದ ರೊಟ್ಟಿಯ ಹಿಟ್ಟು 150 ಗ್ರಾಂ ಎಂದಿಟ್ಟುಕೊಂಡರೆ ಅದರಲ್ಲಿ 15 ಗ್ರಾಂ ಪ್ರೋಟೀನ್ ಇದೆ. 60 ಗ್ರಾಂ ಒಣ ಹೆಸರುಕಾಳಿನ ಪಲ್ಯದಿಂದ 13, ಒಣತೂಕ 40 ಗ್ರಾಂ ಸೋಯಾ ಚಂಕ್ಸ್‌ನಿಂದ 20, 50 ಗ್ರಾಂ ಪುಟಾಣಿಯಿಂದ 10, 30 ಗ್ರಾಂ ಶೇಂಗಾದಿಂದ 7, 300 ಗ್ರಾಂ ಮೊಸರಿನಿಂದ 9 ಗ್ರಾಂ ಸಿಗುತ್ತದೆ. ಒಟ್ಟು 74. ಅನ್ನ, ಬೇಳೆಸಾರು ಸೇರಿದರೆ 80 ದಾಟುತ್ತದೆ. ಪುಡಿ ಇಲ್ಲದೆಯೂ ನಿಮ್ಮ ಗುರಿಯ ಕೆಳಗಿನ ಗೆರೆ ಮುಟ್ಟಿದಿರಿ. ಮೈಕಟ್ಟಿಗಾಗಿ ಪ್ರೋಟೀನ್ ಪುಡಿಗಳನ್ನು ಅವಲಂಬಿಸಬೇಡಿ ಎಂದು 2024ರ ಆಹಾರ ಮಾರ್ಗಸೂಚಿಯಲ್ಲಿ ಅದೇ ಸಂಸ್ಥೆ ಹೇಳಿದೆ.

ಒಂದು ತಪ್ಪು ಬಹಳ ಜನ ಮಾಡುತ್ತಾರೆ. ಸೋಯಾ ಚಂಕ್ಸ್‌ನ ಪೊಟ್ಟಣದ ಮೇಲೆ 100 ಗ್ರಾಂಗೆ 52 ಗ್ರಾಂ ಪ್ರೋಟೀನ್ ಎಂದಿರುವುದು ಒಣಗಿದ್ದಕ್ಕೆ. ಬೇಯಿಸಿದಾಗ ಅದು ಎರಡೂವರೆಯಿಂದ ಮೂರು ಪಟ್ಟು ನೀರು ಹೀರುತ್ತದೆ. ಹಾಗಾಗಿ ಬೇಯಿಸಿ ಹಿಂಡಿದ 100 ಗ್ರಾಂನಲ್ಲಿ ಸಿಗುವುದು 15 ಗ್ರಾಂ ಆಸುಪಾಸು ಮಾತ್ರ. ತೂಗುವುದಿದ್ದರೆ ಬೇಯಿಸುವ ಮುಂಚೆ ತೂಗಿ.

ಆದರೂ ಪುಡಿ ಕೊಳ್ಳುವಿರಾದರೆ ಡಬ್ಬಿಯ ಮುಂಭಾಗ ಬಿಟ್ಟು ಹಿಂಭಾಗ ಓದಿ. ಡಬ್ಬಿಯೊಳಗಿನ ಒಂದು ಅಳತೆ ಚಮಚ ಪುಡಿಯ ತೂಕ 36 ಗ್ರಾಂ, ಅದರಲ್ಲಿ ಪ್ರೋಟೀನ್ 24 ಗ್ರಾಂ ಇದ್ದರೆ ಪುಡಿಯ ಮೂರರಲ್ಲಿ ಎರಡು ಪಾಲು ಮಾತ್ರ ಪ್ರೋಟೀನ್. ಡಬ್ಬಿಯ ಬೆಲೆಯನ್ನು ಅದರೊಳಗಿನ ಒಟ್ಟು ಪ್ರೋಟೀನ್ ಗ್ರಾಂನಿಂದ ಭಾಗಿಸಿ. ಪುಟಾಣಿಗೂ ಇದೇ ಲೆಕ್ಕ ಹಾಕಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಬಟಾಣಿಯಲ್ಲಿ ಮೆಥಿಯೋನಿನ್ ಎಂಬ ಅಮೈನೋ ಆಮ್ಲ ಕಡಿಮೆ, ಅಕ್ಕಿಯಲ್ಲಿ ಲೈಸಿನ್ ಕಡಿಮೆ. ಎರಡೂ ಬೆರೆತ ಪುಡಿ ಒಂಟಿ ಬಟಾಣಿಗಿಂತ ಮೇಲು. ಪದಾರ್ಥಗಳ ಪಟ್ಟಿಯಲ್ಲಿ ಗ್ಲೈಸಿನ್, ಟಾರಿನ್ ಎಂದು ಬೇರೆಯಾಗಿ ಸೇರಿಸಿದ್ದರೆ ಬಿಟ್ಟುಬಿಡಿ. ಸಾಮಾನ್ಯ ಪರೀಕ್ಷೆ ನೈಟ್ರೋಜನ್ ಅಳೆದು ಪ್ರೋಟೀನ್ ಲೆಕ್ಕ ಹಾಕುವುದರಿಂದ ಇಂಥ ಅಗ್ಗದ ಪುಡಿಗಳು ಅಂಕಿಯನ್ನು ಉಬ್ಬಿಸುತ್ತವೆ. ಬಟಾಣಿ ಐಸೋಲೇಟ್‌ನಲ್ಲಿ (ಪಿಷ್ಟ, ನಾರು ಬೇರ್ಪಡಿಸಿ ತೆಗೆದ ಪ್ರೋಟೀನ್ ಪುಡಿಯಲ್ಲಿ) ಸೋಡಿಯಂ ಹೆಚ್ಚಿರುತ್ತದೆ, ಆ ಸಾಲನ್ನೂ ನೋಡಿ.

'ಹೈ ಪ್ರೋಟೀನ್' ಎಂಬ ಮಾತಿಗೆ ಮರುಳಾಗಬೇಡಿ. ಘನ ಆಹಾರದ 100 ಗ್ರಾಂನಲ್ಲಿ ದಿನದ ಅಗತ್ಯದ 20% ಇದ್ದರೆ ಹಾಗೆ ಬರೆಯಲು ನಿಯಮ ಒಪ್ಪುತ್ತದೆ. ಅಂದರೆ 11 ಗ್ರಾಂ ಇದ್ದರೂ ಸಾಕು. ನಮ್ಮ ಬಿಳಿಜೋಳದಲ್ಲೇ 10 ಗ್ರಾಂ ಇದೆ!

ಮಾರ್ಕೆಟ್ ಇಷ್ಟು ಬೆಳೀಲಿಕತ್ತೈತಿ ಅಂತ ಪೇಪರ್‌ನ್ಯಾಗ ಓದತೀವ್ರಿ. ಹಂಗಾದ್ರ ನಮ್ಮ ಕಡಲಿಗೆ, ಹೆಸರಿಗೆ ರೇಟ್ ಯಾಕ ಏರವಲ್ದು?
*ರೈತರು, ಅಣ್ಣಿಗೇರಿ*

ನಿಮ್ಮೂರಿನ ಹೆಸರೇ ಕಡಲೆ ತಳಿಗೆ ಇದೆ. ಅಣ್ಣಿಗೇರಿ-1 ತಳಿಗೆ ಸೊರಗುರೋಗ ತಾಳುವ ಗುಣ ಸೇರಿಸಿ ಸೂಪರ್ ಅಣ್ಣಿಗೇರಿ-1 ಬಂದಿದೆ. ಅಂಥ ನೆಲದಿಂದ ಈ ಪ್ರಶ್ನೆ ಬಂದಿರುವುದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ.

ಪ್ರೋಟೀನ್ ಕಾರ್ಖಾನೆಗೆ ಬೇಕಾದದ್ದು ಅಗ್ಗದ ಮತ್ತು ಕೊಬ್ಬಿಲ್ಲದ ಕಚ್ಚಾವಸ್ತು. ಸೋಯಾದಿಂದ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಟ್ಟಿನಲ್ಲಿ ಅರ್ಧದಷ್ಟು ಪ್ರೋಟೀನ್ ಇರುತ್ತದೆ, ಅದರ ಖರ್ಚಿನ ದೊಡ್ಡ ಪಾಲನ್ನು ಎಣ್ಣೆಯೇ ತೀರಿಸಿರುತ್ತದೆ. 100 ಗ್ರಾಂ ಹಳದಿ ಬಟಾಣಿಯಲ್ಲಿ ಕೊಬ್ಬು ಒಂದೆರಡು ಗ್ರಾಂ ಮಾತ್ರ. ಅಷ್ಟೇ ಕಡಲೆಯಲ್ಲಿ 5 ಗ್ರಾಂ ಕೊಬ್ಬಿದೆ, ಅದು ಪುಡಿಯಲ್ಲಿ ಉಳಿದು ಕಮಟು ವಾಸನೆ ತರುತ್ತದೆ. ಕಾರ್ಖಾನೆಯಲ್ಲಿ ಹಿಟ್ಟನ್ನು ಕ್ಷಾರದ ನೀರಿನಲ್ಲಿ ಕರಗಿಸಿ, ಆಮೇಲೆ ಆಮ್ಲ ಹಾಕಿ ಪಿಎಚ್ (ಹುಳಿ-ಕ್ಷಾರದ ಅಳತೆ) 4.5ಕ್ಕೆ ಇಳಿಸಿದಾಗ ಪ್ರೋಟೀನ್ ಗಟ್ಟಿಯಾಗಿ ಕೆಳಗೆ ಕೂರುತ್ತದೆ. ಅದನ್ನು ತೊಳೆದು ಒಣಗಿಸುತ್ತಾರೆ. 100 ಕಿಲೋ ಕಾಳಿನಲ್ಲಿ ಪ್ರೋಟೀನ್ ಇರುವುದೇ 20ರಿಂದ 22 ಕಿಲೋ. ಉಳಿದ ಪಿಷ್ಟ, ನಾರು, ಹೊಟ್ಟಿಗೂ ಗಿರಾಕಿ ಸಿಗದಿದ್ದರೆ ಕಾರ್ಖಾನೆ ನಷ್ಟಕ್ಕೆ ಬೀಳುತ್ತದೆ. ಬೇಳೆಯಾಗಿ, ಬೇಸನ್ ಆಗಿ, ಪುಟಾಣಿಯಾಗಿ ಮಾರಿದರೆ ಇಡೀ ಕಾಳಿಗೆ ದುಡ್ಡು ಬರುತ್ತದೆ. ಅದಕ್ಕೇ ಕಡಲೆ ಅತ್ತ ಹೋಗುವುದಿಲ್ಲ. ಹೆಸರಿನ ಪ್ರೋಟೀನ್‌ನಿಂದ ಮೊಟ್ಟೆಯ ಬದಲಿಯನ್ನು ಅಮೆರಿಕದಲ್ಲಿ ಮಾಡಿ ಮಾರುತ್ತಾರೆ ನಿಜ, ಆದರೆ ಗದಗ ಮಾರುಕಟ್ಟೆಯ ದರ ಏರಿಸುವಷ್ಟು ಖರೀದಿ ಅದರಿಂದಿಲ್ಲ.

ನಿಮ್ಮ ದರ ನಿರ್ಧರಿಸುವುದು ಬೇರೆ ಮೂರು ಸಂಗತಿ. ಒಂದು, ಆಮದು. 2023ರ ಡಿಸೆಂಬರ್‌ನಲ್ಲಿ ಹಳದಿ ಬಟಾಣಿಗೆ ಸುಂಕ ತೆಗೆದರು. ಅಗ್ಗದ ಬಟಾಣಿ ಹಿಟ್ಟು ಕಡಲೆಹಿಟ್ಟಿನ ಜಾಗ ತಿನ್ನುತ್ತದೆ, ಕಡಲೆ ಬೇಡಿಕೆ ತಗ್ಗುತ್ತದೆ. 2025ರ ನವೆಂಬರ್ 1ರಿಂದ ಬಟಾಣಿಗೆ 30% ಸುಂಕ ಹಾಕಿದ್ದಾರೆ. ಸುಂಕದ ಸುದ್ದಿಯನ್ನು ಮಳೆಯ ಸುದ್ದಿಯಷ್ಟೇ ಗಮನವಿಟ್ಟು ಓದಿ. ಎರಡು, ಬೆಂಬಲ ಬೆಲೆ ಖರೀದಿ ಯಾವಾಗ ಶುರುವಾಗುತ್ತದೆ ಎಂಬುದು. ಹೆಸರಿಗೆ 2025-26ಕ್ಕೆ ಕ್ವಿಂಟಲ್‌ಗೆ 8,768 ರೂಪಾಯಿ, ಕಡಲೆಗೆ 2026-27ರ ಹಂಗಾಮಿಗೆ 5,875 ರೂಪಾಯಿ ಘೋಷಣೆಯಾಗಿದೆ. ಕೇಂದ್ರ ತೆರೆಯುವ ಮುನ್ನ ಸಾಲದ ಒತ್ತಡಕ್ಕೆ ಮಾರಿದವರಿಗೆ ಆ ಬೆಲೆ ಕಾಗದದಲ್ಲೇ ಉಳಿಯುತ್ತದೆ. 2025ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಸಿಕ್ಕ 11,440 ಕೋಟಿ ರೂಪಾಯಿಯ ದ್ವಿದಳ ಧಾನ್ಯ ಮಿಷನ್‌ನಲ್ಲೂ ಪೂರ್ಣ ಖರೀದಿಯ ಭರವಸೆ ಇರುವುದು ತೊಗರಿ, ಉದ್ದು, ಮಸೂರಕ್ಕೆ. ಹೆಸರು, ಕಡಲೆ ಆ ಸಾಲಿನಲ್ಲಿಲ್ಲ. ಇದು ನಮ್ಮ ಭಾಗಕ್ಕೆ ಆದ ಅನ್ಯಾಯ ಎಂದೇ ನಾವು ಭಾವಿಸುತ್ತೇವೆ.

ಮೂರನೆಯದು ನಿಮ್ಮ ಕೈಯಲ್ಲಿದೆ: ಕಾಳಿನ ಗುಣಮಟ್ಟ. ಹೆಸರು ಬಿಡಿಸುವ ಹೊತ್ತಿಗೇ ಮಳೆ ಹಿಡಿಯುತ್ತದೆ, ಕಾಳು ಕಪ್ಪಾಗುತ್ತದೆ, ಬುಡ್ಡಿಯಲ್ಲೇ ಮೊಳಕೆ ಬರುತ್ತದೆ. ಹಸಿ ರಾಶಿಯನ್ನು ತಾಡಪತ್ರಿ ಮುಚ್ಚಿ ಬಿಟ್ಟರೆ ಒಳಗೆ ಕಾವು ಏರಿ ಬಣ್ಣ ಇನ್ನಷ್ಟು ಕೆಡುತ್ತದೆ. ಬಿಸಿಲು ಕಂಡ ಕೂಡಲೇ ತೆಳುವಾಗಿ ಹರವಿ. ಮಾರಲು ತೇವಾಂಶ 12%ಕ್ಕಿಂತ ಕಡಿಮೆ ಬೇಕು, ಮನೆಯಲ್ಲಿ ಇಟ್ಟುಕೊಳ್ಳಲು 9ರಿಂದ 10%. ಕಾಳನ್ನು ಹಲ್ಲಿನಲ್ಲಿ ಕಚ್ಚಿದಾಗ ಚಪ್ಪಟೆಯಾಗದೆ ಟಕ್ಕನೆ ಒಡೆಯಬೇಕು. ಯಂತ್ರದ ಕಟಾವಿಗೆ ಅನುಕೂಲವಾಗಲೆಂದು ಪ್ಯಾರಾಕ್ವಾಟ್ ಎಂಬ ಕಳೆನಾಶಕ ಹೊಡೆದು ಗಿಡ ಒಣಗಿಸುವುದನ್ನು ದಯವಿಟ್ಟು ಮಾಡಬೇಡಿ. ಮಕ್ಕಳ ಆಹಾರ ತಯಾರಕರು, ರಫ್ತುದಾರರು ವಿಷದ ಶೇಷ ಪರೀಕ್ಷಿಸಿಯೇ ಕೊಳ್ಳುತ್ತಾರೆ. ಒಬ್ಬರ ಚೀಲ ಬೆರೆತರೂ ಇಡೀ ಲಾಟ್ ತಿರಸ್ಕಾರವಾಗುತ್ತದೆ. ಕಡಲೆಯನ್ನು ತಳಿವಾರು ಬೇರೆ ಇಡಿ. ಪುಟಾಣಿ ಭಟ್ಟಿಯವರಿಗೆ ಒಂದೇ ಗಾತ್ರದ ದಪ್ಪ ಕಾಳು ಬೇಕು. ಸಣ್ಣದು, ದಪ್ಪದ್ದು ಬೆರೆತರೆ ಸಣ್ಣದು ಸೀಯುತ್ತದೆ, ದಪ್ಪದ್ದು ಹಸಿಯುಳಿಯುತ್ತದೆ. ರೈತ ಉತ್ಪಾದಕ ಕಂಪನಿಯ ಮೂಲಕ ಜರಡಿ ಹಿಡಿದು, ಒಂದು ಲಾರಿ ಲೋಡ್ ಒಂದೇ ಮಾದರಿಯದ್ದು ಒಟ್ಟು ಮಾಡಿದರೆ ಬೇಳೆ ಮಿಲ್ಲಿನವರೊಂದಿಗೆ ಕೂತು ದರ ಮಾತಾಡಬಹುದು.

ಸಸ್ಯಮಾಂಸದ (ಸಸ್ಯ ಪ್ರೋಟೀನ್‌ನಿಂದ ಮಾಂಸದಂತೆ ಮಾಡುವ ಆಹಾರದ) ಘಟಕ ಹಾಕುವ ಆಸೆಯಿದೆ. ಕೈಯಲ್ಲಿ 15 ಲಕ್ಷ ಇದೆ. ಆದೀತೇ?
*ಯುವ ಉದ್ಯಮಿ, ಹಾವೇರಿ*

ಈ ಹಣಕ್ಕೆ ಬೇಡ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಕ್ಷೇತ್ರ ಬೆಳೆಯುತ್ತಿದೆ, ನಿಜ. 2022ರಲ್ಲಿ ವೀಗನ್, ಅಂದರೆ ಪ್ರಾಣಿಮೂಲದ್ದೇನೂ ಇಲ್ಲದ ಆಹಾರಕ್ಕೆ ಪ್ರತ್ಯೇಕ ನಿಯಮ ಬಂತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಗುಜರಾತಿನ ನಡಿಯಾದ್‌ನಿಂದ ಕ್ಯಾಲಿಫೋರ್ನಿಯಾಕ್ಕೆ ಸಸ್ಯಮಾಂಸದ ಮೊದಲ ರಫ್ತು ಹೋಯಿತು. ಕೇಂದ್ರದ 2024ರ ಜೈವಿಕ ತಂತ್ರಜ್ಞಾನ ನೀತಿ ಬಯೋಇ3ಯಲ್ಲಿ ಹೊಸ ಬಗೆಯ ಪ್ರೋಟೀನ್‌ಗಳಿಗೆ ಜಾಗ ಸಿಕ್ಕಿತು. ಆದರೆ ಮಾಂಸದಂಥ ಎಳೆ ಬರಬೇಕಾದರೆ ಎರಡು ತಿರುಪಿನ ಎಕ್ಸ್‌ಟ್ರೂಡರ್ (ಹಿಟ್ಟನ್ನು ಬಿಸಿಮಾಡಿ ಒತ್ತಿ ಹೊರತಳ್ಳುವ ಯಂತ್ರ), ಅದರ ಬಾಯಿಗೆ ಉದ್ದನೆಯ ತಂಪು ಮಾಡುವ ಅಚ್ಚು ಬೇಕು. 50ರಿಂದ 70% ತೇವಾಂಶದ ಹಿಟ್ಟು ಒಳಗೆ 140 ಡಿಗ್ರಿ ದಾಟಿ ಕರಗಿ, ಅಚ್ಚಿನಲ್ಲಿ ನಿಧಾನವಾಗಿ ತಣಿದಾಗ ಮಾತ್ರ ಎಳೆಎಳೆಯಾಗುತ್ತದೆ. ಆಮೇಲೆ ಮೈನಸ್ 18 ಡಿಗ್ರಿಯಲ್ಲಿ ಗಿರಾಕಿಯ ಮನೆವರೆಗೂ ಸಾಗಬೇಕು. ಆ ಸರಪಳಿ ಹಾವೇರಿಯಿಂದ ಬೆಂಗಳೂರಿಗೆ ಒಮ್ಮೆ ಕಡಿದರೂ ಸರಕು ಹೋಯಿತು.

ಪುಟಾಣಿ ಹಿಟ್ಟು, ಜುಣಕದ ಸಿದ್ಧ ಮಿಶ್ರಣ, ಪ್ರೋಟೀನ್ ಹಿಟ್ಟು ನಿಮ್ಮ ಬಂಡವಾಳಕ್ಕೆ ಒಗ್ಗುತ್ತವೆ. ಒಂದು ಅಳತೆ ಕೊಡುತ್ತೇವೆ: ಪುಟಾಣಿ 400 ಗ್ರಾಂ, ಹುರಿದ ಹೆಸರುಬೇಳೆ 250, ಹುರಿದ ಜೋಳ 200, ಹುರಿದು ಸಿಪ್ಪೆ ತೆಗೆದ ಶೇಂಗಾ 150. ಕಿಲೋಗೆ ಸುಮಾರು 200 ಗ್ರಾಂ ಪ್ರೋಟೀನ್ ಬರುತ್ತದೆ. ಎಲ್ಲವನ್ನೂ ಪೂರ್ತಿ ತಣಿಸಿಯೇ ಬೀಸಬೇಕು. ಬಿಸಿಯಲ್ಲಿ ಬೀಸಿದರೆ ಶೇಂಗಾದ ಎಣ್ಣೆ ಬಿಟ್ಟು ಗಂಟಾಗುತ್ತದೆ. ಶೇಂಗಾ ಇದ್ದರೆ ತಿಂಗಳೊಳಗೆ ಮಾರಿ ಮುಗಿಸಿ. ಮೂರು ತಿಂಗಳು ಇಡಬೇಕೆಂದರೆ ಶೇಂಗಾ ಬಿಟ್ಟು ಪುಟಾಣಿ ಹೆಚ್ಚಿಸಿ. ಕಿರು ಆಹಾರ ಘಟಕಗಳ ಕೇಂದ್ರ ಯೋಜನೆಯಲ್ಲಿ ಸಾಲದ ಜೊತೆ 35% ಸಹಾಯಧನವಿದೆ, ರಾಜ್ಯದ್ದು 15% ಸೇರುತ್ತದೆ, ಒಟ್ಟು ಮಿತಿ 15 ಲಕ್ಷ. ಈಗ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಜಂಟಿ ಕೃಷಿ ನಿರ್ದೇಶಕರ ಕಚೇರಿಯಲ್ಲಿ ಕೇಳಿ.

ನಮ್ಮ ಸಂಘದ ಹತ್ತು ಮಂದಿ ಸೋಯಾ ಪನೀರ್ ಮಾಡಿ ನೋಡಿದೆವು. ಒಮ್ಮೆ ಪುಡಿಪುಡಿ, ಒಮ್ಮೆ ರಬ್ಬರ್, ಯಾವಾಗಲೂ ಹಸಿ ವಾಸನೆ. ಎಲ್ಲಿ ತಪ್ಪುತ್ತಿದ್ದೇವೆ?
*ಸ್ವಸಹಾಯ ಸಂಘದ ಸದಸ್ಯೆಯರು, ರಾಣೆಬೆನ್ನೂರು*

ಮೂರು ದೋಷಕ್ಕೂ ಮೂರು ಬೇರೆ ಕಾರಣ. ಒಂದು ಕಿಲೋ ಸೋಯಾ ಲೆಕ್ಕದಲ್ಲಿ ಮೊದಲಿನಿಂದ ಹೇಳುತ್ತೇವೆ.

ಕಾಳು ಆ ವರ್ಷದ್ದೇ ಇರಲಿ. ಮಳೆಗೆ ಸಿಕ್ಕು ಕಪ್ಪಾದದ್ದು, ಒಡೆದದ್ದು ಆರಿಸಿ ತೆಗೆಯಿರಿ. ತಳಿ ಡಿಎಸ್‌ಬಿ 21 ಆಗಲಿ, ಜೆಎಸ್ 335 ಆಗಲಿ, ಎರಡೂ ನಡೆಯುತ್ತವೆ. ಬಿತ್ತನೆಗೆ ತಂದು ಉಳಿದ ಬೀಜವನ್ನು ಮಾತ್ರ ಎಂದಿಗೂ ಬಳಸಬೇಡಿ. ಅದಕ್ಕೆ ವಿಷ ಲೇಪಿಸಿರುತ್ತಾರೆ, ತೊಳೆದರೆ ಹೋಗುವುದಿಲ್ಲ.

ಚಳಿಗಾಲದಲ್ಲಿ 10 ತಾಸು, ಬೇಸಿಗೆಯಲ್ಲಿ 6ರಿಂದ 8 ತಾಸು ಮೂರು ಲೀಟರ್ ನೀರಿನಲ್ಲಿ ನೆನೆಸಿ. ನೀರಿನ ಮೇಲೆ ನೊರೆ ಬಂದರೆ ಹುಳಿಯುತ್ತಿದೆ ಎಂದು ಅರ್ಥ. ಉಜ್ಜಿ ಸಿಪ್ಪೆ ತೇಲಿಸಿ. ಹಸಿ ವಾಸನೆ ಹುಟ್ಟುವುದು ರುಬ್ಬುವಾಗ. ಕಾಳು ಒಡೆದು ತಣ್ಣೀರು, ಗಾಳಿ ಸೋಕಿದ ಕ್ಷಣದಲ್ಲಿ ಅದರೊಳಗಿನ ಕಿಣ್ವ ಕೊಬ್ಬನ್ನು ಕೆಡಿಸುತ್ತದೆ. ಅದಕ್ಕೆ ನೆನೆದ ಕಾಳನ್ನು ಚಿಟಿಕೆ ಅಡುಗೆಸೋಡಾ ಹಾಕಿದ ಕುದಿನೀರಿನಲ್ಲಿ ಎರಡು ನಿಮಿಷ ಅದ್ದಿ ಬಸಿದು, ಕುದಿನೀರು ಹಾಕಿಯೇ ರುಬ್ಬಿ. ಒಟ್ಟು ನೀರು 7ರಿಂದ 8 ಲೀಟರ್.

ಒಲೆಯ ಮೇಲಿಟ್ಟಾಗ ಕುದಿಯುವ ಮುಂಚೆಯೇ ನೊರೆ ಭರ್ರನೆ ಉಕ್ಕುತ್ತದೆ. ಅದು ಹುಸಿಕುದಿ. ಅದನ್ನೇ ಕುದಿಯೆಂದು ಇಳಿಸಿದರೆ ಜೀರ್ಣಕ್ಕೆ ಅಡ್ಡಬರುವ ಅಂಶಗಳು ಉಳಿದು ಹೊಟ್ಟೆ ಉಬ್ಬರಿಸುತ್ತದೆ. ತಿರುವುತ್ತಾ ನಿಜವಾದ ಕುದಿ ಬಂದ ಮೇಲೆ 10 ನಿಮಿಷ ಕುದಿಸಿ. ಬಟ್ಟೆಯಲ್ಲಿ ಬಿಸಿಯಿರುವಾಗಲೇ ಸೋಸಿ ಹಿಂಡಿ. ಉಳಿದ ಚರಟ ಬೇಸಿಗೆಯಲ್ಲಿ ನಾಲ್ಕೈದು ತಾಸಿಗೆ ಹುಳಿಯುತ್ತದೆ, ಅಂದೇ ತಾಲಿಪೆಟ್ಟಿಗೋ ದನಗಳಿಗೋ ಬಳಸಿ.

ಹಾಲು 75ರಿಂದ 80 ಡಿಗ್ರಿಗೆ ಇಳಿಯಲಿ. ಇಲ್ಲಿ ಥರ್ಮಾಮೀಟರ್ ಬೇಕೇ ಬೇಕು, ಕೈಯಂದಾಜು ಸಾಲದು. ಕುದಿಯುವಾಗಲೇ ಒಡೆಸಿದರೆ ರಬ್ಬರ್ ಆಗುತ್ತದೆ. 70ಕ್ಕಿಂತ ತಣಿದರೆ ಹೆಪ್ಪು ಕೂಡುವುದಿಲ್ಲ. ಪುಡಿಪುಡಿಯಾಗುವುದು ಹೆಚ್ಚಾಗಿ ನಿಂಬೆಹುಳಿ, ವಿನೆಗರ್ ಹಾಕಿದಾಗ, ಇಲ್ಲವೇ ಒಡೆಸಿದ ಮೇಲೂ ಕಲಕುತ್ತಿದ್ದರೆ. 20ರಿಂದ 25 ಗ್ರಾಂ ಆಹಾರ ದರ್ಜೆಯ ಕ್ಯಾಲ್ಸಿಯಂ ಸಲ್ಫೇಟ್ ಬಳಸಿ, ಚೀಟಿಯ ಮೇಲೆ ಐಎನ್‌ಎಸ್ 516 ಎಂದಿರಬೇಕು. ಹಾರ್ಡ್‌ವೇರ್ ಅಂಗಡಿಯ ಜಿಪ್ಸಂ, ಪ್ಲಾಸ್ಟರ್ ಪುಡಿ ಬೇಡವೇ ಬೇಡ. ಒಂದು ಲೋಟ ನೀರಿನಲ್ಲಿ ಕದಡಿ ಹಾಲಿಗೆ ಸುರಿದು, ಎರಡು ಮೂರು ಸುತ್ತು ತಿರುವಿ ನಿಲ್ಲಿಸಿ. ಮುಚ್ಚಿ 15 ನಿಮಿಷ ಬಿಡಿ. ಬಿಟ್ಟ ನೀರು ತಿಳಿ ಹಳದಿಯಾಗಿರಬೇಕು. ಹಾಲಿನಂತೆ ಬೆಳ್ಳಗಿದ್ದರೆ ಇನ್ನು ಮೂರು ನಾಲ್ಕು ಗ್ರಾಂ ಹಾಕಿ.

ತೂತಿನ ಪೆಟ್ಟಿಗೆಗೆ ಬಟ್ಟೆ ಹಾಸಿ ತುಂಬಿ, ಮೂರು ನಾಲ್ಕು ಕಿಲೋ ಭಾರ ಅರ್ಧ ತಾಸು ಇಡಿ. ಒಂದೂವರೆ ಕಿಲೋಗಿಂತ ತುಸು ಹೆಚ್ಚೇ ಬರುತ್ತದೆ. ತಣ್ಣೀರಿನಲ್ಲಿ ಮುಳುಗಿಸಿ 4 ಡಿಗ್ರಿಯಲ್ಲಿ ಇಟ್ಟು, ದಿನಾ ನೀರು ಬದಲಿಸಿದರೆ ಐದು ದಿನ ತಾಳುತ್ತದೆ. ಫ್ರಿಜ್ ಇಲ್ಲದ ಅಂಗಡಿಗೆ ಕೊಡಬೇಡಿ. ಒಬ್ಬ ಗಿರಾಕಿಯ ಹೊಟ್ಟೆ ಕೆಟ್ಟರೂ ಸಂಘದ ಹೆಸರು ಹೋಗುತ್ತದೆ. ಇನ್ನೊಂದು ಮಾತು: ಪನೀರ್ ಎಂಬುದು ಹಾಲಿನ ಉತ್ಪನ್ನದ ಹೆಸರು. ಪೊಟ್ಟಣದ ಮೇಲೆ ಟೋಫು ಎಂದೇ ಬರೆಯಿರಿ, ನೋಂದಣಿಯ 14 ಅಂಕಿಯ ಸಂಖ್ಯೆ ಮುದ್ರಿಸಿ. ಕೈಯಿಂದ ಮಾಡಿ ಕಲಿಯಬೇಕೆಂದರೆ ಭೋಪಾಲದ ಕೇಂದ್ರೀಯ ಕೃಷಿ ಇಂಜಿನಿಯರಿಂಗ್ ಸಂಸ್ಥೆಯಲ್ಲಿ ಸೋಯಾ ಸಂಸ್ಕರಣೆಯ ತರಬೇತಿ ಕೊಡುತ್ತಾರೆ.

ಮೊಳಕೆ ಬರಿಸಿದರೆ ಕಾಳಿನ ಪ್ರೋಟೀನ್ ಹೆಚ್ಚಾಗುತ್ತದೆಯೇ?
*ಗೃಹಿಣಿ, ಬೆಟಗೇರಿ*

ಹೆಚ್ಚಾಗುವುದಿಲ್ಲ. ನೀರು ಹೀರಿ ತೂಕ ಹೆಚ್ಚುವುದರಿಂದ 100 ಗ್ರಾಂ ಮೊಳಕೆಯಲ್ಲಿ ಪ್ರೋಟೀನ್ ಒಣಕಾಳಿಗಿಂತ ಬಹಳ ಕಡಿಮೆ. ಜೀರ್ಣ ಸುಲಭವಾಗುತ್ತದೆ, ಸಿ ಜೀವಸತ್ವ ಬರುತ್ತದೆ, ಆ ಕಾರಣಕ್ಕೆ ಮಡಕಿಕಾಳಿನ ಉಸಳಿ ಒಳ್ಳೆಯದೇ. ಸಣ್ಣ ಮಕ್ಕಳಿಗೆ, ಬಸುರಿಯರಿಗೆ ಹಸಿಮೊಳಕೆ ಕೊಡಬೇಡಿ, ಬೇಯಿಸಿ ಕೊಡಿ.

ನಮ್ಮದು ಎಣ್ಣೆಗಾಣ. ಶೇಂಗಾ ಹಿಂಡಿಯಲ್ಲಿ ಪ್ರೋಟೀನ್ ಬಹಳ ಎನ್ನುತ್ತಾರೆ. ಬೀಸಿ ಪ್ರೋಟೀನ್ ಹಿಟ್ಟೆಂದು ಮಾರಬಹುದೇ?
*ಗಾಣದ ಮಾಲೀಕರು, ಲಕ್ಷ್ಮೇಶ್ವರ*

ಈಗ ದನಕ್ಕೆ ಹೋಗುತ್ತಿರುವ ಹಿಂಡಿಯನ್ನೇ ಬೀಸಿ ಮನುಷ್ಯರಿಗೆ ಮಾರಬೇಡಿ. ಅದರಲ್ಲಿ ಮಣ್ಣು, ಸಿಪ್ಪೆ, ಎಲ್ಲಕ್ಕಿಂತ ಮುಖ್ಯವಾಗಿ ಅಫ್ಲಾಟಾಕ್ಸಿನ್ ಇರಬಹುದು. ಇದು ಬೂಷ್ಟಿನಿಂದ ಹುಟ್ಟುವ ವಿಷ. ಯಕೃತ್ತಿಗೆ ಕ್ಯಾನ್ಸರ್ ತರುತ್ತದೆ, ಹುರಿದರೂ ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಎಣ್ಣೆ ತೆಗೆದಾಗ ಅದರ ಹೆಚ್ಚಿನ ಪಾಲು ಹಿಂಡಿಯಲ್ಲೇ ಉಳಿಯುತ್ತದೆ.

ದೇಶ ಈ ದಾರಿಯಲ್ಲಿ ಹಿಂದೆಯೇ ನಡೆದಿದೆ. 1950ರಲ್ಲಿ ಶುರುವಾದ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) ಶೇಂಗಾ ಹಿಟ್ಟು ಮತ್ತು ಕಡಲೆಹಿಟ್ಟು ಬೆರೆಸಿ ಬಹೂಪಯೋಗಿ ಆಹಾರ ಮಾಡಿತು. ಆಮೇಲೆ ಶೇಂಗಾ ಪ್ರೋಟೀನನ್ನು ಹಾಲಿಗೆ ಬೆರೆಸಿ ಮಿಲ್ಟೋನ್ ತಂದಿತು. 1960ರಲ್ಲಿ ಇಂಗ್ಲೆಂಡಿನಲ್ಲಿ ಶೇಂಗಾ ಹಿಂಡಿ ತಿಂದ ಟರ್ಕಿ ಕೋಳಿಗಳು ಸಾವಿರಾರು ಸಂಖ್ಯೆಯಲ್ಲಿ ಸತ್ತಾಗಲೇ ಈ ವಿಷ ಪತ್ತೆಯಾದದ್ದು. ಆಮೇಲೆ ಎಲ್ಲೆಡೆ ಶೇಂಗಾ ಪ್ರೋಟೀನ್ ಆಹಾರಗಳ ಮೇಲೆ ಅನುಮಾನ ಬಿತ್ತು. ಇಂದು ಸೋಯಾ ಮತ್ತು ಬಟಾಣಿ ಮುಂದಿರುವುದಕ್ಕೆ ಇದೂ ಒಂದು ಕಾರಣ.

ಮಾಡಲೇಬೇಕೆಂದರೆ ಬೇರೆ ಸಾಲು ನಡೆಸಿ. ಬುಡ್ಡಿ ಕಿತ್ತ ಮೇಲೆ ಕಾಳಿನ ತೇವ 8%ಕ್ಕೆ ಇಳಿಯುವಂತೆ ಒಣಗಿಸಿದ ರೈತರಿಂದಲೇ ಕೊಳ್ಳಿ. ಸುಲಿಯಲು ಬುಡ್ಡಿಗೆ ನೀರು ಚಿಮುಕಿಸಿದ ಮಾಲು ಬೇಡ, ಬೂಷ್ಟು ಶುರುವಾಗುವುದೇ ಅಲ್ಲಿ. ಮುದುಡಿದ, ಬಣ್ಣಗೆಟ್ಟ, ಒಡೆದ ಕಾಳು ಕೈಯಿಂದ ಆರಿಸಿ ತೆಗೆಯಿರಿ, ವಿಷ ಹೆಚ್ಚಾಗಿ ಅಂಥವುಗಳಲ್ಲೇ ಇರುತ್ತದೆ. ತುಸು ಹುರಿದು ಕೆಂಪು ಸಿಪ್ಪೆ ತೆಗೆದು ಗಾಣಕ್ಕೆ ಹಾಕಿ. ಪ್ರತಿ ಲಾಟ್‌ನ ಮಾದರಿಯನ್ನು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳುಹಿಸಿ ವರದಿ ಬಂದ ಮೇಲಷ್ಟೇ ಮಾರಿ. ಆ ಖರ್ಚು ಹೊರಲು ಆಗದಿದ್ದರೆ ಈ ಕೆಲಸ ಕೈಬಿಡಿ.

ಸೋಯಾ ಹಾಲು, ಬಾದಾಮಿ ಹಾಲು ಎಂದು ಗಿರಾಕಿಗಳು ಕೇಳುತ್ತಾರೆ. ಪೊಟ್ಟಣದ ಮೇಲೆ 'ಹಾಲು' ಎಂದೇ ಇಲ್ಲ. ನಕಲಿಯೇ? ತೆರಿಗೆ ಎಷ್ಟು?
*ಕಿರಾಣಿ ವ್ಯಾಪಾರಿ, ಬ್ಯಾಡಗಿ*

ನಕಲಿಯಲ್ಲ. ಪ್ರಾಣಿಯ ಹಾಲಲ್ಲದ್ದಕ್ಕೆ ಹಾಲು ಎಂಬ ಹೆಸರು ಬಳಸಬಾರದು ಎಂಬುದು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ, ಆದ್ದರಿಂದ ಸೋಯಾ ಪಾನೀಯ, ಬಾದಾಮಿ ಪಾನೀಯ ಎಂದಿರುತ್ತದೆ. ಚೌಕದೊಳಗೆ ಹಸಿರು 'ವಿ' ಅಕ್ಷರ, ಅದಕ್ಕೊಂದು ಎಲೆ ಇದ್ದರೆ ವೀಗನ್ ಗುರುತು. ಪ್ರಾಣಿಮೂಲದ್ದೇನೂ ಇಲ್ಲ ಎಂದಷ್ಟೇ ಅದರರ್ಥ, ಪ್ರೋಟೀನ್ ಹೆಚ್ಚಿದೆ ಎಂದಲ್ಲ. ಬಾದಾಮಿ ಪಾನೀಯದಲ್ಲಿ ಬಹುಪಾಲು ನೀರೇ, 100 ಮಿಲಿಲೀಟರಿನಲ್ಲಿ ಪ್ರೋಟೀನ್ ಹೆಚ್ಚೆಂದರೆ ಒಂದು ಗ್ರಾಂ ಆಸುಪಾಸು. ಸೋಯಾದ್ದರಲ್ಲಿ ಮೂರು ಗ್ರಾಂವರೆಗೆ ಇರುತ್ತದೆ. ಹಸುವಿನ ಹಾಲಿನ ಬದಲಿಗೆ ಮಗುವಿಗೆಂದು ಕೇಳುವವರಿಗೆ ಬಾದಾಮಿಯದ್ದನ್ನು ಕೊಡದೆ ಮಕ್ಕಳ ವೈದ್ಯರನ್ನು ಕೇಳಲು ಹೇಳಿ.

2025ರ ಸೆಪ್ಟೆಂಬರ್ 22ರಿಂದ ಸೋಯಾ ಪಾನೀಯದ ಜಿಎಸ್‌ಟಿ 12ರಿಂದ 5%ಕ್ಕೆ, ಉಳಿದ ಸಸ್ಯಮೂಲ ಪಾನೀಯಗಳದ್ದು 18ರಿಂದ 5%ಕ್ಕೆ ಇಳಿದಿದೆ. ಸೋಯಾ ಚಂಕ್ಸ್‌ಗೂ ಈಗ 5%. ಹಳೆಯ ದರದ ಸರಕು ಕಪಾಟಿನಲ್ಲಿ ಉಳಿದಿದ್ದರೆ ಬಿಲ್ಲಿನಲ್ಲಿ ಹೊಸ ದರವನ್ನೇ ಹಾಕಿ.